ಏಳನೇ ತಿಂಗಳ ಕಾಯಿ

ಮೇ 6, ಪೋನ್

ನಮ್ಮ ಐದು ದಿನದ ವಾರದಲ್ಲಿ ಪೋನ್ ದೊಡ್ಡ ಸಂತೆಯ ದಿನ, ಆದರೂ ಮನೆಯಲ್ಲಿದ್ದೇನೆ. ಕರಂಗ್‌ವಾರು ಸಂತೆಯಲ್ಲಿ ಮೂವತ್ತೊಂದು ವರ್ಷದಿಂದ ತೆಂಗಿನಕಾಯಿ ಮಾರುವ ನಾನು, ದಾರ್ಸಿಯೆಮ್, ಪೋನ್ ದಿನ ಅಂಗಡಿ ತೆರೆಯದಿರುವುದು ಇದು ಎರಡನೇ ಸಲ. ಮೊದಲನೆಯದು ಫೆಬ್ರವರಿಯಲ್ಲಿ.

ಬೆಳಿಗ್ಗೆ ಮಗಳ ಮಂಚದ ಕೆಳಗೆ ಗುಡಿಸುತ್ತಿದ್ದೆ. ಪಲುಪಿ ಮೂರು ತಿಂಗಳಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾಳೆ. ನಾನು ಅವಳ ಬೆನ್ನಿನ ಜೊತೆ ಮಾತಾಡುತ್ತೇನೆ. ಬೆನ್ನು ಉತ್ತರ ಕೊಡುವುದಿಲ್ಲ. ಆದರೆ ನನ್ನ ಮಾತು ಯಾವತ್ತು ಉತ್ತರಕ್ಕೆ ಕಾದಿತ್ತು? ಪೊರಕೆಗೆ ಏನೋ ತಗುಲಿ ಉರುಳಿಕೊಂಡು ಬಂತು. ಹಳದಿ ಬಟ್ಟೆಯಲ್ಲಿ ಸುತ್ತಿದ ಕಾಯಿ. ಅವಳ ಬಸಿರಿಗೆ ಏಳು ತುಂಬಿದಾಗ ಮಾಡಿದ ಶಾಸ್ತ್ರದ ಎರಡು ಕಾಯಿಗಳಲ್ಲಿ ಉಳಿದ ಒಂದು. ಸಿಪ್ಪೆಯ ಮೇಲೆ ಬರೆದ ರತಿದೇವಿಯ ಮುಖ ಹಾಗೇ ಇತ್ತು, ಕಣ್ಣಿನ ಕಪ್ಪು ಮಾತ್ರ ಸ್ವಲ್ಪ ಇಳಿದಿತ್ತು. ಆ ಮುಖದ ನೆತ್ತಿಯಿಂದ ಬೆರಳುದ್ದದ ಮೊಳಕೆ ಎದ್ದಿತ್ತು.

ನಾನು ಏನು ಕೂಗಿದೆನೋ ಗೊತ್ತಿಲ್ಲ. ಪಲುಪಿ ಈ ಕಡೆ ಹೊರಳಿದಳು. ಮೂರು ತಿಂಗಳಲ್ಲಿ ಮೊದಲ ಸಲ ಅವಳ ಮುಖ ನೋಡಿದೆ. ಮೊಳಕೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ನನ್ನನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು.

"ಕೊಡಮ್ಮ ಇಲ್ಲಿ" ಅಂದಳು. ಎದ್ದು ಕೂತಳು.

ಕೊಟ್ಟೆ. ಮಡಿಲಲ್ಲಿ ಇಟ್ಟುಕೊಂಡಳು. ನಾನು ಅಡುಗೆಮನೆಗೆ ಹೋಗಿ ಒಲೆಯ ಮುಂದೆ ಸುಮ್ಮನೆ ನಿಂತೆ. ಅನ್ನ ಸೀದದ್ದು ಆಮೇಲೆ ತಿಳಿಯಿತು.

ಎಳೆಕಾಯಿ ಎಂದೂ ಮೊಳೆಯುವುದಿಲ್ಲ. ಅದು ಇಲ್ಲಿ ಬರೆದಿರಲಿ. ಬೇರೆಲ್ಲೂ ಹೇಳುವುದಿಲ್ಲ.

ಮೇ 9, ಲೆಗಿ

ಬರೆಯುವುದಾದರೆ ಸರಿಯಾಗಿ ಬರೆಯಬೇಕು. ಈ ಪುಸ್ತಕ ಮೊದಲು ಯಾವ ತೋಟದಿಂದ ಎಷ್ಟು ಕಾಯಿ ಇಳಿಯಿತು ಎಂದು ಗುರುತು ಹಾಕಿಕೊಳ್ಳಲು ಇದ್ದದ್ದು. ಅದರಲ್ಲಿ ಒಂದು ಕಾಯಿಯೂ ತಪ್ಪಿಲ್ಲ.

ಶಾಸ್ತ್ರಕ್ಕೆ ಬೇಕಾದದ್ದು ಎರಡು ಹಳದಿ ಎಳೆಕಾಯಿ. ಒಳಗೆ ತಿರುಳು ಕೂಡಿರಬಾರದು, ನೀರು ಕಂಠದವರೆಗೆ ತುಂಬಿರಬೇಕು. ತುಂಬಿದ ಕಾಯಿ ಅಲ್ಲಾಡಿಸಿದರೆ ಶಬ್ದ ಮಾಡುವುದಿಲ್ಲ. ಹೊಟ್ಟೆಯ ಕೂಸೂ ಹಾಗೆಯೇ ಅಲುಗದೆ ದಿನ ತುಂಬಿಸಲಿ ಎಂದು ನಮ್ಮ ಹೆಂಗಸರು ಹೇಳುತ್ತಾರೆ. ಜನವರಿ ಹದಿನಾಲ್ಕರ ಬೆಳಿಗ್ಗೆ ಮರ ಹತ್ತುವವನು ಎರಡು ಇಳಿಸಿದ. ಒಂದು ಕೈ ಜಾರಿ ಬಿದ್ದು ಸೀಳಿತು. ಇನ್ನೊಂದು ಮರ ಹತ್ತಿಸಲು ಅರ್ಧ ಗಂಟೆ ಸಾಕಿತ್ತು. ಆ ಅರ್ಧ ಗಂಟೆ ನಾನು ಬಂದವರ ಜೊತೆ ಮಾತಾಡುತ್ತಿದ್ದೆ. ಜಗಲಿ ತುಂಬ ಜನ, ಎಲ್ಲರೂ ನಗುತ್ತಿದ್ದರು, ನಾನೇ ನಗಿಸುತ್ತಿದ್ದೆ. ಕೊನೆಗೆ ಅಂಗಡಿಯ ರಾಶಿಯಿಂದ ಬಣ್ಣ ಮಾಸದ ಬಲಿತ ಕಾಯೊಂದನ್ನು ತಂದು ಮರ್ಸುದಿಯ ಮುಂದೆ ಇಟ್ಟೆ. ಅವನಿಗೆ ಕ್ಷೌರದ ಅಂಗಡಿಯಿದೆ, ಊರಿನ ಬೋರ್ಡುಗಳನ್ನೂ ಅವನೇ ಬರೆಯುವುದು. ಒಂದರ ಮೇಲೆ ರತಿಯ ಗಂಡ ಕಾಮಜಯನನ್ನು ಬರೆದ, ನನ್ನ ಕಾಯಿಯ ಮೇಲೆ ರತಿಯನ್ನು. ಬಣ್ಣ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ.

ಪಲುಪಿ ಏಳು ಬಟ್ಟೆ ಸುತ್ತಿಕೊಂಡು ನಿಂತಿದ್ದಳು. ಬಟ್ಟೆಯೊಳಗಿಂದ ಕಾಯಿಗಳನ್ನು ಕೆಳಗೆ ಬಿಡುತ್ತಾರೆ, ಅಜ್ಜಿಯಾಗುವವಳು ಜೋಲಿ ಬಟ್ಟೆಯಲ್ಲಿ ಹಿಡಿದು ಕೂಸಿನ ಹಾಗೆ ಎತ್ತಿಕೊಳ್ಳಬೇಕು. ಮೊದಲನೆಯದು ಸದ್ದಿಲ್ಲದೆ ಬಂತು. ಎರಡನೆಯದು ನನ್ನ ಕೈಗೆ ಬಿದ್ದು "ಗುಳಕ್" ಅಂದಿತು.

ಸೂಲಗಿತ್ತಿ ವಾಗಿಯೆಮ್ ಅಜ್ಜಿ ತೊಡೆ ತಟ್ಟಿಕೊಂಡು ನಕ್ಕಳು. "ಅಯ್ಯೋ, ಕೂಸಿಗೆ ಅವಸರ ನೋಡ್ರೇ! ಈಗ್ಲೇ ಮಾತಾಡ್ತಿದೆ. ಅಜ್ಜಿ ಬಾಯಿ ಬಂದಿರ್ಬೇಕು!"

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಾನು.

ಆಮೇಲೆ ಅಳಿಯ ಬಾಗ್ಯೊ ಕಣ್ಣುಮುಚ್ಚಿ ಒಂದನ್ನು ಆರಿಸಿ ಕತ್ತಿಯಿಂದ ಸೀಳಬೇಕಿತ್ತು. ಎಳೆಯದನ್ನು ಅವನ ಬಲಗೈಗೆ ತಗುಲುವಂತೆ ಸರಿಸಿದ್ದು ನಾನೇ. ಬಲಿತದ್ದು ಉಳಿಯಿತು, ಮಂಚದ ಕೆಳಗೆ ಹೋಯಿತು.

ಇಪ್ಪತ್ತಾರು ದಿನದ ಮೇಲೆ ಮಗು ಬಂತು. ಅವಸರದಿಂದ. ಉಸಿರಾಡಲಿಲ್ಲ.

ಇಂಥದನ್ನೆಲ್ಲ ನಾನು ನಂಬುವವಳಲ್ಲ. ಕಾಯಿ ಮಾರುವವಳು ನಾನು, ಕಾಯಿಗೆ ಏನೂ ತಿಳಿಯುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಾರು?

ಮೇ 17, ವಾಗೆ

ಪಲುಪಿ ಎದ್ದು ಸ್ನಾನ ಮಾಡಿದಳು. ತಲೆ ಬಾಚಿಕೊಂಡಳು. ಹುಳಿತ ಮರಗೆಣಸಿನ ಊಟ ಎರಡು ತುತ್ತು ತಿಂದು, ಚೆನ್ನಾಗಿಲ್ಲ ಅಂದಳು. ಚೆನ್ನಾಗಿಲ್ಲ ಎನ್ನುವುದು ಗುಣವಾಗುವ ಲಕ್ಷಣ.

ಮರ್ಸುದಿಯನ್ನು ಕರೆಸಿದೆ. ಅವನ ಅಂಗಡಿಯ ಮುಂದೆ ಕುಂಡಗಳಲ್ಲಿ ಕುಬ್ಜ ತೆಂಗುಗಳು ಸಾಲಾಗಿವೆ. ಚಿಪ್ಪೇ ಹೊಟ್ಟೆ, ಅದರಿಂದ ಮೊಣಕೈ ಉದ್ದದ ಗಿಡ, ಮೂರು ವರ್ಷವಾದರೂ ಅಷ್ಟೇ. ಅವನು ಕಾಯನ್ನು ತಿರುಗಿಸಿ ನೋಡಿದ, ತಾನೇ ಬರೆದ ಮುಖ ನೋಡಿದ, ನನ್ನ ಮುಖ ನೋಡಲಿಲ್ಲ.

"ಚೆನ್ನಾಗಿ ಬಂದಿದೆ ಅಕ್ಕ" ಅಂದ. "ಏನ್ ಮಾಡೋಣ? ನೆಲಕ್ಕೋ, ಕುಂಡಕ್ಕೋ?"

"ಅಂಗಳದಲ್ಲಿ ನೆಡೋಣಮ್ಮ" ಅಂದಳು ಪಲುಪಿ. "ಆ ಮೂಲೇಲಿ."

ಆ ಮೂಲೆಯಲ್ಲಿ ಮಗುವಿನ ಜೊತೆ ಹೊರಬಂದ ಕಸವನ್ನು, ಮಾಸನ್ನು, ಹೂತಿದ್ದೇವೆ. ಮಗು ಇಲ್ಲದಿದ್ದರೂ ಬಾಗ್ಯೊ ಮೂವತ್ತೈದು ದಿನ ಅದರ ಮೇಲೆ ದೀಪ ಹಚ್ಚಿಟ್ಟ, ಮಡಕೆ ಬೋರಲು ಹಾಕಿ.

"ಆಡು ತಿನ್ನುತ್ತೆ" ಅಂದೆ. "ಕೋಳಿ ಕೆದರುತ್ತೆ. ಬೇಸಿಗೆ ಬಂತು, ಇನ್ನು ಅಕ್ಟೋಬರ್‌ವರೆಗೂ ಮಳೆಯಿಲ್ಲ. ಕುಂಡದಲ್ಲಿದ್ರೆ ಕಣ್ಣೆದುರಿಗೆ ಇರುತ್ತೆ. ಪುಟ್ಟದಾಗಿ, ಮುದ್ದಾಗಿ." ಇನ್ನೂ ಏನೇನೋ ಹೇಳಿದೆ. ಬೇಡದ ಕಾಯನ್ನು ಗಿರಾಕಿಯ ಚೀಲಕ್ಕೆ ಹಾಕಿಸುವ ಮಾತುಗಳೆಲ್ಲ ನನಗೆ ಬರುತ್ತವೆ.

ನಿಜವಾದ ಕಾರಣ ಇಲ್ಲಿ. ಅಂಗಳದ ಮರ ಅರವತ್ತು ವರ್ಷ ನಿಲ್ಲುತ್ತದೆ. ಅರವತ್ತು ವರ್ಷ ಬೇಲಿಯಾಚೆ ಹೋಗುವ ಹೆಂಗಸರು ಕೇಳುತ್ತಾರೆ, ಯಾವ ಕಾಯಿಯ ಮರ ಇದು? ಏಳನೇ ತಿಂಗಳ ಕಾಯಿಯದೇ? ಎಳೆಕಾಯಿ ಮೊಳೆತದ್ದು ಎಲ್ಲಿ ಕಂಡಿದ್ದೀರಿ? ಕುಂಡವನ್ನಾದರೆ ಒಳಗೆ ಇಡಬಹುದು.

ಪಲುಪಿ ಮೊಳಕೆಯ ತುದಿಯನ್ನು ಮುಟ್ಟಿದಳು. "ಆಯ್ತಮ್ಮ. ನಿಂಗೆ ಹೇಗೆ ಸರಿ ಅನ್ಸುತ್ತೋ ಹಾಗೆ."

ಮೊದಲಾದರೆ ವಾದಿಸುತ್ತಿದ್ದಳು. ಇನ್ನೂ ನಿತ್ರಾಣ.

ಜೂನ್ 2, ಕ್ಲಿವೊನ್

ಸಿಪ್ಪೆ ಸುಲಿಯುವ ದಿನ. ಸಿಪ್ಪೆ ಇದ್ದರೆ ಒದ್ದೆ ಹಿಡಿದು ಕೊಳೆಯುತ್ತದಂತೆ, ಚಿಪ್ಪು ಬಯಲಾಗಬೇಕಂತೆ. ಸಿಪ್ಪೆ ಹೋದರೆ ರತಿಯ ಮುಖವೂ ಹೋಗುತ್ತದೆ ಎಂದು ನನಗೆ ಹೊಳೆದದ್ದು ಮರ್ಸುದಿ ಕತ್ತಿ ಕೈಗೆ ತೆಗೆದುಕೊಂಡಾಗ.

"ಬರೆದವನೂ ನಾನೇ, ಸುಲಿಯೋನೂ ನಾನೇನಾ ಅಕ್ಕ?" ಅಂದ. ಕತ್ತಿ ಕೆಳಗಿಟ್ಟ.

ನಾನೇ ಸುಲಿದೆ. ಲಕ್ಷಾಂತರ ಕಾಯಿ ಸುಲಿದ ಕೈ. ಈ ಒಂದಕ್ಕೆ ಮಧ್ಯಾಹ್ನದವರೆಗೆ ಹಿಡಿಯಿತು. ಮೊಳಕೆಯ ಬುಡದ ನಾರನ್ನು ಬಿಡಬೇಕು, ಬೇರಿಗೆ ಪೆಟ್ಟಾಗಬಾರದು. ಮುಖದ ಭಾಗವನ್ನು ತೆಳುವಾಗಿ ಒಂದೇ ಹಾಳೆಯಾಗಿ ಎಬ್ಬಿಸಿದೆ. ನೆರಳಲ್ಲಿ ಒಣಗಲು ಇಟ್ಟಿದ್ದೇನೆ. ಪಲುಪಿ ಕೂತು ಉಪ್ಪುಕಾಗದದಿಂದ ಚಿಪ್ಪನ್ನು ಉಜ್ಜಿದಳು, ನಯವಾಗುವವರೆಗೆ. ಅವಳ ಕೈ ಆಡುವುದನ್ನು ನೋಡುತ್ತ ಕೂತೆ.

ಅಗಲ ಬಾಯಿಯ ಕುಂಡ, ಮರಳು, ನಾರಿನ ಪುಡಿ. ಎಲೆ: ಒಂದು, ಇನ್ನೂ ಬಿಚ್ಚಿಲ್ಲ. ಎತ್ತರ: ಒಂದು ಗೇಣಿಗೆ ಎರಡು ಬೆರಳು ಕಡಿಮೆ.

ಜೂನ್ 20, ಪೋನ್

ಮರ್ಸುದಿ ತನ್ನ ಹಳೇ ಕ್ಷೌರದ ಕತ್ತಿಯನ್ನೇ ಕೊಟ್ಟ. ತೆಂಗನ್ನು ಕುಬ್ಜವಾಗಿಡುವ ಗುಟ್ಟೆಲ್ಲ ಪಟ್ಟೆಯಲ್ಲಿದೆ. ಎಲೆಯ ಬುಡವನ್ನು ಸುತ್ತಿಕೊಂಡ ತೆಳ್ಳನೆಯ ಪಟ್ಟೆಯನ್ನು ಸೀಳಿ ಬಿಡಿಸುತ್ತ ಹೋದರೆ ಎಲೆ ಗಿಡ್ಡವಾಗುತ್ತದೆ. ಹೊರಗಿನ ಪಟ್ಟೆ ಮಾತ್ರ. ಒಳಗಿನದಕ್ಕೆ ಕತ್ತಿ ತಗುಲಿದರೆ ಸುಳಿಗೆ ಗಾಯ.

"ಗಡ್ಡ ತೆಗೆದ ಹಾಗೆ ಅಕ್ಕ. ಕೂದಲಿಗೆ ಗೊತ್ತಾಗ್ಬೇಕು, ಚರ್ಮಕ್ಕೆ ಗೊತ್ತಾಗ್ಬಾರದು."

"ನಿನ್ನ ಅಂಗಡಿಯಿಂದ ಬರೋರ ಮುಖ ನೋಡಿದೀನಿ. ಚರ್ಮಕ್ಕೆ ಚೆನ್ನಾಗೇ ಗೊತ್ತಾಗಿರುತ್ತೆ."

ಅವನು ನಕ್ಕ. ಪಲುಪಿಯೂ ನಕ್ಕಳು. ಆ ನಗು ಕೇಳಿ ಕತ್ತಿಯನ್ನು ಕೆಳಗಿಟ್ಟೆ. ಸಂತೆಗೆ ಹೊರಡುವ ಹೊತ್ತು ಮೀರಿತ್ತು. "ನೀನು ಪಟ್ಟೆ ನೋಡ್ಕೊ, ಇವತ್ತೊಂದಿನ ಅಂಗಡಿಗೆ ನಾನು ಹೋಗ್ತೀನಿ" ಅಂದಳು ಪಲುಪಿ. ಗಾಳಿ ಬೆಳಕು ಕಂಡರೆ ಅವಳಿಗೂ ಒಳ್ಳೆಯದು. ಕಳಿಸಿದೆ.

ಎಲೆ: ಎರಡು.

ಜುಲೈ 8, ಲೆಗಿ

ಪಲುಪಿ ಇವತ್ತೂ ಅಂಗಡಿಗೆ ಹೋಗಿದ್ದಾಳೆ. ಗಿಡ ಅವಳನ್ನು ಎಬ್ಬಿಸಿತು, ಅದರಲ್ಲಿ ಸಂದೇಹವಿಲ್ಲ. ನಾನು ಮಾಡಿದ ತಪ್ಪಿನಿಂದಲೇ ಮದ್ದು ಹುಟ್ಟಿತಲ್ಲ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ತಕ್ಷಣ ಗಿಡ ಬಾಡಿದರೆ ಅವಳ ಗತಿಯೇನು ಎನ್ನಿಸುತ್ತದೆ. ಅದಕ್ಕೇ ನಾನು ಮನೆ ಬಿಡುವ ಹಾಗಿಲ್ಲ. ಬೆಳಗಿನ ಬಿಸಿಲು ಎರಡು ಗಂಟೆ ಬೇಕು, ಆಮೇಲೆ ನೆರಳು. ಸುಳಿಯೊಳಗೆ ನೀರು ನಿಲ್ಲಬಾರದು. ಇದೆಲ್ಲ ನನ್ನನ್ನು ಬಿಟ್ಟರೆ ಯಾರು ಮಾಡುತ್ತಾರೆ?

ಮುಖದ ಸಿಪ್ಪೆ ಒಣಗಿ ಅಂಚು ಒಳಗೆ ಮಡಚುತ್ತಿದೆ.

ಜುಲೈ 9, ಪಹಿಂಗ್

ಬಿಸಿಲು ಎರಡು ಗಂಟೆ. ನೀರು ಅರ್ಧ ಚಿಪ್ಪು. ಎಲೆ ಎರಡು, ಮೂರನೆಯದರ ತುದಿ.

ಆಗಸ್ಟ್ 3, ಪಹಿಂಗ್

ಯಾರನ್ನೂ ಒಳಗೆ ಬಿಟ್ಟುಕೊಳ್ಳುವ ಮನಸ್ಸಿರಲಿಲ್ಲ. ವಾಗಿಯೆಮ್ ಅಜ್ಜಿ ಹಿತ್ತಲ ಬಾಗಿಲಿಂದ ಬಂದಳು. ಊರಿನ ಅರ್ಧ ಮಕ್ಕಳನ್ನು ಹಿಡಿದ ಕೈ. ಫೆಬ್ರವರಿಯಲ್ಲಿ ಆ ಕೈಯನ್ನು ದಾಟಿ ಆಸ್ಪತ್ರೆಗೆ ಹೋಗಿದ್ದೆವು.

"ಏನೇ ದಾರ್ಸಿ, ಸಂತೇಲಿ ಬಾಚಣಿಗೆ ಮಾರೋದು ನಿಲ್ಸಿದ್ರಾ? ನಿನ್ನ ತಲೆ ನೋಡಿದ್ರೆ ಒಂದು ಹೊರೆ ನಾರು ಸಿಗುತ್ತೆ."

"ಪುರುಸೊತ್ತಿಲ್ಲ ಅಜ್ಜಿ."

"ಮಾತೂ ಪುರುಸೊತ್ತಿಲ್ವಾ? ನಿನ್ನ ಬಾಯಿ ಮುಚ್ಚಿದ್ದು ಹುಟ್ಟಿದಾಗಿಂದ ಇದೇ ಮೊದ್ಲು ಇರ್ಬೇಕು." ಕುಂಡದ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ಗಿಡ ನೋಡಿದಳು, ಚಿಪ್ಪಿನ ಮೇಲೆ ಬೆರಳಾಡಿಸಿದಳು. "ಹಳದಿ ತೆಂಗು. ಯಾವ ಕಾಯಿದೇ ಇದು?"

ನಾನು ಕುಂಡದ ಮರಳನ್ನು ಸರಿಮಾಡತೊಡಗಿದೆ. ಅಂಗಡಿಯಿಂದ ಆಗತಾನೆ ಬಂದಿದ್ದ ಪಲುಪಿ ಬುಟ್ಟಿ ಇಳಿಸುತ್ತಲೇ ಹೇಳಿದಳು: "ಅಂಗಡಿದು ಅಜ್ಜಿ. ರಾಶೀಲಿ ಮೊಳೆತು ಬಿದ್ದಿತ್ತು. ಅಮ್ಮನಿಗೆ ಹೊತ್ತು ಹೋಗ್ಲಿ ಅಂತ ತಂದೆ."

ಅವಳೇಕೆ ಹಾಗೆ ಹೇಳಿದಳು ತಿಳಿಯಲಿಲ್ಲ. ಅವಳ ಪಾಲಿಗೆ ಅದು ದೇವರ ಕಾಯಿ, ಊರಿಗೆಲ್ಲ ಹೇಳಿಕೊಳ್ಳಬೇಕಾದದ್ದು. ದೃಷ್ಟಿಯಾಗದಿರಲಿ ಎಂದು ಇರಬಹುದು.

ಅಜ್ಜಿ ಹೋಗುವಾಗ ಪಲುಪಿಯ ಬೆನ್ನು ಸವರಿದಳು. ಅಂಗಡಿಯಲ್ಲಿ ಇವಳ ಹತ್ತಿರ ಚೌಕಾಸಿ ಮಾಡಿ ಗೆದ್ದವರಿಲ್ಲವಂತೆ. ನನ್ನ ಬೆನ್ನನ್ನೂ ಸವರಿದಳು. ಅದು ಯಾಕೆ?

ಪಲುಪಿ ರಾತ್ರಿಯ ಊಟ ಬಡಿಸಿದಳು. ಉಪ್ಪು ಹೆಚ್ಚು. ಬಿಟ್ಟೆ.

ಆಗಸ್ಟ್ 17, ಲೆಗಿ

ಬಾವುಟದ ದಿನ, ನಮ್ಮ ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ. ದೂರದ ಬಸ್ಸಿನಲ್ಲಿ ಕೆಲಸ ಮಾಡುವ ಬಾಗ್ಯೊಗೂ ರಜೆ, ನಿನ್ನೆಯೇ ಬಂದ. ಬೀದಿಯಲ್ಲಿ ಹಗ್ಗ ಜಗ್ಗುವ ಪಂದ್ಯ, ಹೆಂಗಸರ ತಂಡಕ್ಕೆ ಪಲುಪಿ ಸೇರಿದ್ದಾಳೆ. ಕೂಗು ಇಲ್ಲಿಯವರೆಗೆ ಕೇಳುತ್ತಿದೆ. ಪ್ರತಿ ವರ್ಷ ಮೈಕು ಹಿಡಿದು ಎರಡೂ ಕಡೆಯವರನ್ನು ಬೈಯುವವಳು ನಾನು. ಬಾಗ್ಯೊ ಎರಡು ಸಲ ಕರೆಯಲು ಬಂದ.

"ಅತ್ತೆ, ನೀವಿಲ್ದೆ ಮೈಕು ಬರೀ ಕೆಮ್ತಿದೆ."

ಮೂರನೇ ಎಲೆಗೆ ಪಟ್ಟೆ ಬಿಡಿಸುವ ದಿನ ಇವತ್ತು, ಬರಲಾಗುವುದಿಲ್ಲ ಅಂದೆ. ಅವನು ಬಾಗಿಲಲ್ಲಿ ನಿಂತು ಏನೋ ಹೇಳಲು ಹೋದ. ಪಲುಪಿ ಹಿಂದಿನಿಂದ ಅವನ ತೋಳು ಹಿಡಿದು ಕರೆದುಕೊಂಡು ಹೋದಳು.

ಸೆಪ್ಟೆಂಬರ್ 11, ಲೆಗಿ

ಎಲೆ ನಾಲ್ಕು. ಎತ್ತರ ಒಂದು ಗೇಣು, ನಾಲ್ಕು ಬೆರಳು.

ಬಾವಿಯ ನೀರು ಆಳಕ್ಕೆ ಹೋಗಿದೆ.

ಇವತ್ತು ಯಾರ ಜೊತೆಯೂ ಮಾತಾಡಿಲ್ಲ. ಬರೆಯುವಾಗ ಗೊತ್ತಾಯಿತು.

ಅಕ್ಟೋಬರ್ 4, ವಾಗೆ

ಐದನೇ ಎಲೆ ಮಾತು ಕೇಳುತ್ತಿಲ್ಲ. ನಾಲ್ಕು ದಿನದಲ್ಲಿ ಮೂರು ಬೆರಳು ಏರಿತು. ಹೀಗೇ ಬಿಟ್ಟರೆ ಕಿಟಕಿಯಿಂದ ಹೊರಗಿನವರಿಗೆ ಕಾಣುತ್ತದೆ. ಬೆಳಿಗ್ಗೆ ಹೊರಗಿನ ಪಟ್ಟೆ ಸೀಳಿದೆ, ಸಾಲದೆನಿಸಿತು. ಇನ್ನೊಂದು ಪದರ ಸೀಳಿದೆ. ಬೆಣ್ಣೆಯಂಥ ಬಿಳಿ ಕಂಡಿತು. ಅಲ್ಲಿಗೆ ನಿಲ್ಲಿಸಿದೆ. ನಿಲ್ಲಿಸಿದೆ ಎಂದೇ ನೆನಪು.

ಮಧ್ಯಾಹ್ನ ಮೊದಲ ಮಳೆ ಎಂಟು ಹನಿ ಹಾಕಿ ಹೋಯಿತು. ಕುಂಡವನ್ನು ಒಳಗೆ ತಂದೆ.

"ಅಮ್ಮ, ಅದನ್ನ ಬೆಳೆಯೋಕೆ ಬಿಡಬಾರ್ದಾ?" ಅಂದಳು ಪಲುಪಿ.

"ಬೆಳೆದ್ರೆ ನಮ್ಮ ಹತ್ರ ಇರಲ್ಲ."

ಅವಳು ನನ್ನ ಹಿಂದೆ ಕೂತು ತಲೆಗೆ ಎಣ್ಣೆ ಹಚ್ಚಿ, ಗಂಟು ಬಿಡಿಸಿ, ಬಾಚಿದಳು. ಚಿಕ್ಕವಳಿದ್ದಾಗ ಅವಳಿಗೆ ನಾನು ಮಾಡುತ್ತಿದ್ದ ಹಾಗೆ.

ಅಕ್ಟೋಬರ್ 23, ಪೋನ್

ಐದನೇ ಎಲೆಯ ಬುಡ ಕಂದಿತ್ತು, ಮೂರು ದಿನದಿಂದ ನೋಡುತ್ತಿದ್ದೆ. ಇವತ್ತು ಸುಳಿಯನ್ನು ಎರಡು ಬೆರಳಲ್ಲಿ ಹಿಡಿದೆ. ಎಳೆಯಲಿಲ್ಲ. ಹಿಡಿದೆ ಅಷ್ಟೇ. ಕೈಗೇ ಬಂತು. ಬುಡ ಕೊಳೆತಿತ್ತು, ನಾತ.

ತೋಟದಲ್ಲಿ ಸುಳಿ ಕೊಳೆತ ಮರ ಎಷ್ಟೋ ಕಂಡಿದ್ದೇನೆ. ಸುಳಿ ಹೋದ ತೆಂಗು ಮತ್ತೆ ಚಿಗುರುವುದಿಲ್ಲ. ಉಳಿದ ನಾಲ್ಕು ಎಲೆ ಇನ್ನೂ ಹಸಿರಾಗಿವೆ. ಅವಕ್ಕೆ ಸುದ್ದಿ ತಲುಪಿಲ್ಲ.

ಪಲುಪಿ ಬರುವ ಹೊತ್ತಿಗೆ ಸುಳಿಯನ್ನು ಅದರ ಜಾಗದಲ್ಲೇ ಸಿಕ್ಕಿಸಿ ನಿಲ್ಲಿಸಿದೆ.

ಅಕ್ಟೋಬರ್ 24, ವಾಗೆ

ಜೂನ್‌ನಿಂದ ಈಚೆಗೆ ಇವತ್ತು ಮೊದಲ ಸಲ ಸಂತೆಬೀದಿಗೆ ಹೋದೆ. ಹಿಂದಿನ ದಾರಿಯಿಂದ. ಅಂಗಡಿಯ ಹಿಂದೆ ಮಾರಾಟವಾಗದ ಕಾಯಿ ಮೊಳೆತು ಬಿದ್ದಿರುತ್ತವೆ. ಅವುಗಳಲ್ಲಿ ಒಂದು ಹಳದಿ, ಹೆಚ್ಚುಕಡಿಮೆ ಅದೇ ವಯಸ್ಸು, ನಾಲ್ಕು ಎಲೆ, ಸ್ವಲ್ಪ ಉದ್ದ. ಮುಂದುಗಡೆ ಪಲುಪಿ ಯಾರಿಗೋ "ಮುಟ್ಟಿ ನೋಡಿ ಅಣ್ಣ, ಆಮೇಲೆ ಮಾತಾಡಿ" ಎನ್ನುತ್ತಿದ್ದಳು. ಅದು ನನ್ನ ಮಾತು. ಪುಸ್ತಕದಲ್ಲಿ ಬರೆದುಕೊಟ್ಟ ಹಾಗೆ ನನ್ನ ಮಾತು.

ಮನೆಯಲ್ಲಿ ಸುಲಿದೆ, ಉಜ್ಜಿದೆ, ಎಲೆ ಮೋಟು ಮಾಡಿದೆ, ಅದೇ ಕುಂಡದಲ್ಲಿ ಕೂರಿಸಿದೆ. ಹಳೆಯದರ ಮೂರನೇ ಎಲೆಯಲ್ಲಿ ಹುಳ ಕಡಿದ ಗುರುತಿತ್ತು, ಅದನ್ನೂ ಉಗುರಿನಿಂದ ಮಾಡಿದೆ. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಸಂತೆಯ ಸಿಪ್ಪೆ ರಾಶಿಯ ಮೇಲಿಟ್ಟು ಬಂದೆ.

ಮರ್ಸುದಿ ಅಂಗಡಿ ಬಾಗಿಲಲ್ಲಿ ನಿಂತಿದ್ದ. ನನ್ನ ಕೈಯ ಗಂಟು ನೋಡಿ ಟೋಪಿ ತೆಗೆದ. ಆಮೇಲೆ ತಲೆ ಕೆರೆದುಕೊಂಡ, ಅದಕ್ಕೇ ತೆಗೆದವನ ಹಾಗೆ.

ಬಣ್ಣ ಹಾಕಿದ ಮೇಲೆ ಯಾರಿಗೆ ಗೊತ್ತಾಗುತ್ತದೆ ಎಂದು ಜನವರಿಯಲ್ಲಿ ಅಂದುಕೊಂಡಿದ್ದೆ. ಇವತ್ತೂ ಅದೇ ಅಂದುಕೊಂಡೆ.

ನವೆಂಬರ್ 9, ಕ್ಲಿವೊನ್

ಇಡೀ ದಿನ ಮಳೆ, ಅಂಗಡಿ ತೆರೆಯಲಿಲ್ಲ. ಪಲುಪಿ ಮನೆಯಲ್ಲೇ ಇದ್ದಳು. ಸೂರು ಸೋರುತ್ತಿದೆಯೆಂದು ಕುಂಡವನ್ನು ಎತ್ತಿ ಈ ಕಡೆ ಇಟ್ಟಳು. ಇಟ್ಟು, ಅದರ ಮುಂದೆಯೇ ಕೂತಳು.

"ಅಮ್ಮ, ಅದನ್ನ ಎಲ್ಲಿ ಹಾಕ್ದೆ?"

"ಯಾವುದನ್ನ?"

"ಹಳೇದನ್ನ."

ಗಿರಾಕಿಯ ಮುಂದೆ ಸಿಕ್ಕಿಬಿದ್ದರೆ ಹೇಗೆ ಜಾರಿಕೊಳ್ಳಬೇಕೆಂದು ಮೂವತ್ತೊಂದು ವರ್ಷದ ವಿದ್ಯೆ ಇದೆ. ಅದನ್ನು ಬಿಟ್ಟು, ಯಾವತ್ತು ಗೊತ್ತಾಯಿತು ಎಂದು ಕೇಳಿದೆ.

"ಮಾರನೇ ಬೆಳಿಗ್ಗೇನೇ. ಈಚೆಗೆ ಅದನ್ನ ಬಿಸಿಲಿಗೆ ಇಡೋಳು ನಾನು, ನೀನು ಏಳೋಕೆ ಮುಂಚೆ. ಅದರ ತೂಕ ನನ್ನ ಕೈಗೆ ಗೊತ್ತಿರಲ್ವಾ? ಎರಡು ವಾರ ಕಾದೆ, ನೀನೇ ಹೇಳ್ತೀಯ ಅಂತ."

ಆಗ ಎಲ್ಲ ಹೇಳಿದೆ. ಸುಳಿ ಕೊಳೆತದ್ದರಿಂದ ಶುರುಮಾಡಿ ಹಿಂದಕ್ಕೆ ಹೋದೆ. ಕತ್ತಿ, ಕುಂಡ, ಬಾಗ್ಯೊನ ಬಲಗೈ, ರತಿಯ ಬಣ್ಣ, ಬಲಿತ ಕಾಯಿ, ಸೀಳಿದ ಎಳೆಕಾಯಿ, ಅರ್ಧ ಗಂಟೆ. "ಅವಸರದ ಕಾಯಿ ಕೊಟ್ಟವಳು ನಾನೇ" ಅಂದೆ. ಜೀವಮಾನದಲ್ಲಿ ಇಷ್ಟು ಕೆಟ್ಟದಾಗಿ ಯಾವ ಮಾತೂ ಆಡಿಲ್ಲ. ಹಿಂದುಮುಂದಾಗಿ, ತೊದಲಿ.

ಮುಗಿದ ಮೇಲೆ ಪಲುಪಿ ಹೇಳಿದಳು.

"ಅಮ್ಮ, ನಾನು ಹುಟ್ಟಿದ್ದು ಬೆಳೆದದ್ದು ನಿನ್ನ ಕಾಯಿ ರಾಶಿ ಮೇಲೆ. ಬಲಿತ ಕಾಯಿ ಶಬ್ದ ನನಗೆ ಗೊತ್ತಿಲ್ವಾ? ಬಟ್ಟೆ ಒಳಗಿಂದ ಇಳಿದಾಗ ಮೊದ್ಲು ಕೇಳಿದ್ದು ನಾನೇ, ನನ್ನ ಹೊಟ್ಟೆ ಪಕ್ಕದಲ್ಲೇ. ಅಮ್ಮ ಎಳೆಕಾಯಿ ಹುಡುಕೋದು ಬಿಟ್ಟು ಎಲ್ಲೋ ಮಾತಾಡ್ತಾ ಕೂತಿದ್ಲು ಅಂದ್ಕೊಂಡೆ. ನಗು ಬಂತು. ಅಷ್ಟೇ."

"ಅಷ್ಟೇನಾ?"

"ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿತ್ತು ಅಂತ ಡಾಕ್ಟರು ಹೇಳಿದ್ರು. ನೀನೂ ಅಲ್ಲೇ ನಿಂತಿದ್ದೆ. ತೆಂಗಿನಕಾಯಿ ಸುತ್ತಿರಲಿಲ್ಲ ಅಮ್ಮ."

ಮಳೆಗೆ ಸೂರಿನ ಕೆಳಗಿಟ್ಟ ಪಾತ್ರೆ ತುಂಬಿತ್ತು. ಅವಳೇ ಎದ್ದು ಚೆಲ್ಲಿ ಬಂದಳು.

"ಮತ್ತೆ ಗೊತ್ತಿದ್ದೂ ಯಾಕೆ ಮಡಿಲಲ್ಲಿ ಇಟ್ಕೊಂಡೆ ಅದನ್ನ?" ಅಂದೆ. "ನಾನು ನಿನಗೋಸ್ಕರ ಅಂತ ತಾನೇ..."

"ಅವತ್ತು ಮಂಚದ ಕೆಳಗಿಂದ ಎದ್ದಾಗ ನಿನ್ನ ಮುಖ ಹೇಗಿತ್ತು ಅಂತ ನಿನಗೆ ಗೊತ್ತಿಲ್ಲ. ನಾನು ಮಲಗಿದ್ದು ಸಾಕು, ಇನ್ನು ಇವಳು ಬೀಳ್ತಾಳೆ ಅನ್ನಿಸ್ತು. ನೀನು ಬೆಳಿಗ್ಗೆ ಏಳ್ತಿದ್ದದ್ದೇ ಅದಕ್ಕೆ ನೀರು ಹಾಕೋಕೆ. ಅದೂ ಬೇಡ ಅಂದ್ರೆ ನೀನು ಏಳೋದೇ ಇಲ್ಲ ಅಂತ ಸುಮ್ನಿದ್ದೆ."

ಈ ಪುಸ್ತಕದ ಹಿಂದಿನ ಹಾಳೆಗಳನ್ನು ಈಗ ತಿರುವಿ ನೋಡಿದೆ. ಎಲೆ ಎಷ್ಟು, ಬೆರಳು ಎಷ್ಟು, ಎಲ್ಲ ಸರಿಯಾಗಿದೆ. ಕಾಯಿಲೆ ಯಾರದೆಂದು ಬರೆದದ್ದು ಮಾತ್ರ ತಪ್ಪು.

ನವೆಂಬರ್ 10, ಲೆಗಿ

ಬೆಳಿಗ್ಗೆ ಇಬ್ಬರೂ ಸಂತೆಯ ಸಿಪ್ಪೆ ರಾಶಿಗೆ ಹೋದೆವು. ರಾಶಿ ಇರಲಿಲ್ಲ. ನಾರು ಬಿಡಿಸುವವರು ಕಳೆದ ವಾರವೇ ಲಾರಿ ತಂದು ಬಳಿದುಕೊಂಡು ಹೋಗಿದ್ದರು. ಒದ್ದೆ ನೆಲದಲ್ಲಿ ಚಕ್ರದ ಗುರುತು ಮಾತ್ರ. ಅದನ್ನೇ ನೋಡುತ್ತ ನಿಂತೆ. ಅಂಗಳದಲ್ಲಿ 'ಆ ಮೂಲೇಲಿ' ನೆಟ್ಟಿದ್ದರೆ ಇವತ್ತಿಗೆ ನನ್ನ ಸೊಂಟಕ್ಕೆ ಬರುತ್ತಿತ್ತು. ಪಲುಪಿ ಅದನ್ನು ಹೇಳಲಿಲ್ಲ. ಹೇಳಿದ್ದರೆ ಸಲೀಸಾಗಿತ್ತು.

"ಬಾ" ಅಂದಳು. ಅಲ್ಲಿಂದ ಸ್ಮಶಾನಕ್ಕೆ ಕರೆದುಕೊಂಡು ಹೋದಳು.

ಫೆಬ್ರವರಿಯ ನಂತರ ನಾನು ಅಲ್ಲಿಗೆ ಹೋಗಿರಲಿಲ್ಲ. ಮಣ್ಣು ಮಾಡುವಾಗಲೂ ಬೇಲಿಯ ಹೊರಗೆ ನಿಂತು, ಬಂದವರಿಗೆ ಚಹಾ ಹೇಳುವ ನೆಪ ಮಾಡಿದ್ದೆ. ಒಂದೂವರೆ ಮೊಳದ ದಿಬ್ಬ, ತಲೆಯ ಕಡೆ ಮರದ ಹಲಗೆ. ಅಕ್ಷರ ಮರ್ಸುದಿಯದು. ರತಿಯ ಕಣ್ಣು ಬರೆದ ಅದೇ ಸಣ್ಣ ಕುಂಚ ಇರಬೇಕು. ಲಾರಸ್ ಎಂದಿತ್ತು. ಹೆಸರಿಟ್ಟದ್ದು ಬಾಗ್ಯೊ. ನನಗೆ ಗೊತ್ತಿತ್ತು, ಬಾಯಲ್ಲಿ ಬಂದಿರಲಿಲ್ಲ, ಇಲ್ಲೂ ಬರೆದಿರಲಿಲ್ಲ.

ಒಣಗಿದ ಮುಖದ ಸಿಪ್ಪೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದೆ. ಪೂರ್ತಿ ಸುರುಳಿಯಾಗಿ ಮುಖ ಒಳಗೆ ಹೋಗಿತ್ತು. ಬಿಚ್ಚಲು ನೋಡಲಿಲ್ಲ. ಹಾಗೆಯೇ ಹಲಗೆಯ ಬುಡಕ್ಕೆ ಹಾಕಿ ಮಣ್ಣು ಮುಚ್ಚಿದೆವು. ಪಲುಪಿ ಅತ್ತಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಮೂರು ತಿಂಗಳಲ್ಲಿ ಅಷ್ಟು ಅತ್ತದ್ದನ್ನು ನಾನು ಕೇಳಿರಲಿಲ್ಲ. ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡು ಕೂತೆ.

ಮನೆಗೆ ಬಂದ ಮೇಲೆ ಕುಂಡ ನೋಡಿ, "ಇದನ್ನ ನೆಲಕ್ಕೆ ಹಾಕ್ಬಿಡೋಣ" ಅಂದಳು.

"ಆ ಮೂಲೇಲಾ?"

"ಬೇಡ. ಬಾವಿ ಹತ್ರ. ಇದು ಯಾರ ಮಗುನೂ ಅಲ್ಲ ಅಮ್ಮ. ಬರೀ ತೆಂಗು. ಕಾಯಿ ಬಿಡ್ಲಿ."

ಬಾವಿಯ ಹತ್ತಿರ ಗುಂಡಿ ತೆಗೆದೆ. ಕ್ಷೌರದ ಕತ್ತಿಯನ್ನು ತೊಳೆದು ಮರ್ಸುದಿಗೆ ವಾಪಸು ಕಳಿಸಿದೆ.

ಡಿಸೆಂಬರ್ 2, ಪೋನ್

ಸಂತೆಯ ದಿನ. ಆರಕ್ಕೆ ಬಾಗಿಲು ತೆಗೆದೆವು, ಪಲುಪಿಯೂ ನಾನೂ. ಎಲ್ಲರೂ ಬಂದು ಇಣುಕಿ ಹೋದರು. ವಾಗಿಯೆಮ್ ಅಜ್ಜಿ ನನ್ನ ತಲೆಗೂದಲು ಪರೀಕ್ಷಿಸಿ, "ಈ ಸಲ ನಾರು ಸಿಗಲ್ಲ" ಎಂದು ಹೋದಳು. ಮಾತು ಇನ್ನೂ ಮೊದಲಿನ ಹಾಗೆ ಬರುತ್ತಿಲ್ಲ. ಅರ್ಧ ವಾಕ್ಯಕ್ಕೆ ನಿಂತುಬಿಡುತ್ತದೆ, ಉಳಿದದ್ದನ್ನು ಪಲುಪಿ ಮುಗಿಸುತ್ತಾಳೆ.

ಹತ್ತರ ಹೊತ್ತಿಗೆ ಒಬ್ಬಳು ಗಿರಾಕಿ ಬಂದಳು. ಮೇಲೂರಿನವಳು, ನನ್ನ ವಯಸ್ಸು, ಮುಖದ ತುಂಬ ಸಂಭ್ರಮ.

"ಎರಡು ಹಳದಿ ಎಳೆಕಾಯಿ ಬೇಕಿತ್ತು ಅಕ್ಕ. ಮಗಳಿಗೆ ಏಳು ತುಂಬ್ತು, ನಾಳೆ ಶಾಸ್ತ್ರ. ಒಳ್ಳೇದು ನೋಡಿ ಕೊಡಿ."

ಪಲುಪಿ ಕೊಡಲು ಎದ್ದಳು. ನಾನೇ ಕೊಡುತ್ತೇನೆ ಎಂದು ಕೈ ತೋರಿದೆ. ಬೆಳಿಗ್ಗೆ ಇಳಿಸಿದ ಗೊನೆಯಿಂದ ಒಂದನ್ನು ಬಿಡಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಇನ್ನೊಂದನ್ನು ಬಿಡಿಸಿದೆ. ಅದನ್ನೂ ಕಿವಿಗೆ ಹಿಡಿದೆ. ತಿರುಗಿಸಿ ಮತ್ತೊಮ್ಮೆ ಹಿಡಿದೆ. ಸಂತೆಯ ಗದ್ದಲವೆಲ್ಲ ಒಂದು ಕಡೆ, ಆ ಕಾಯಿ ಒಂದು ಕಡೆ. ಪಲುಪಿ ಬೇರೆ ಗಿರಾಕಿಯನ್ನು ಕಾಯಿಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏನಕ್ಕ ಅಷ್ಟೊತ್ತು ಕೇಳ್ತೀರಿ? ಏನಾದ್ರೂ ಹೇಳ್ತಿದೆಯಾ?" ಎಂದು ನಕ್ಕಳು ಆ ಹೆಂಗಸು.

"ಇಲ್ಲ. ಏನೂ ಹೇಳ್ತಿಲ್ಲ" ಅಂದೆ.

ಎರಡನ್ನೂ ಅವಳ ಕೈಗೆ ಕೊಟ್ಟೆ.